ದನಿಗೆ ಮೊದಲ ಪಾಳಿ

ಬೈಲಹೊಂಗಲದ ಒಂದು ಇಂಟರ್ನೆಟ್ ಕಂಪನಿಯ ಕೋಣೆಯಲ್ಲಿ ಕುಳಿತು ನಾನು ನೇಸರಗಿಯ ಒಬ್ಬ ಹುಡುಗಿಯ ಮಾತನ್ನು ನಾಲ್ಕು ತಿಂಗಳು ದಿನಾ ಸಂಜೆ ಕಡಿದು ಹಾಕಿದೆ. ಆಕೆಯ ಹೆಸರು ರೇಷ್ಮಾ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಬಾಯಿ ಬರುವುದಿಲ್ಲ, ಕೈಯಲ್ಲಿ ಮಾತಾಡುತ್ತಾಳೆ. ನಿಶ್ಚಯವಾದ ಹುಡುಗನ ಜೊತೆ ವಿಡಿಯೋ ಕರೆಯಲ್ಲಿ ಮಾತಾಡಲು ಕುಳಿತರೆ, ನಾನು ಬರೆದಿಟ್ಟ ಒಂದು ಸಾಲಿನ ನಿಯಮ ಆಕೆಯ ಕೈಗಳನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಿತ್ತು. ಅದರಿಂದ ಆಕೆಯ ಮದುವೆ ಮುರಿಯುವ ಹಂತಕ್ಕೆ ಬಂದಿತ್ತು. ನನಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾದ ದಿನದ ಗಾಬರಿ ಇಂದಿಗೂ ನನ್ನ ಮೈಯಿಂದ ಪೂರ್ತಿ ಇಳಿದಿಲ್ಲ.

ಟೆಲಿಫೋನ್ ಖಾತೆಯಲ್ಲಿ ಮೂವತ್ತೈದು ವರ್ಷ, ಆಮೇಲೆ ಈ ಖಾಸಗಿ ಕಂಪನಿಯಲ್ಲಿ ಐದು ವರ್ಷ ದುಡಿದು ಈಗ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಬಂದು, "ಬಾಯಾರ, ಮದ್ಲ ಏನ್ ಕಲೀಬೇಕ್ರಿ?" ಎಂದು ಕೇಳುತ್ತಾರೆ. ಯಾವ ವೈರು ಯಾವ ಪೆಟ್ಟಿಗೆಗೆ ಎಂಬುದನ್ನು ಯಾರಾದರೂ ಕಲಿಸುತ್ತಾರೆ. ನಾನು ಮಾಡಿದ ತಪ್ಪನ್ನು ಯಾರೂ ಕಲಿಸುವುದಿಲ್ಲ, ಯಾಕೆಂದರೆ ಅದು ತಪ್ಪು ಎಂದು ಯಾರಿಗೂ ಅನ್ನಿಸುವುದಿಲ್ಲ. ಬಡ್ತಿ, ಶಾಲು, ಹಾರದ ಕಥೆಗಳನ್ನೆಲ್ಲ ಬಿಟ್ಟು ಅದೊಂದನ್ನು ಹೇಳುತ್ತೇನೆ. ಆದರೆ ಅಲ್ಲಿಗೆ ಬರಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಇಪ್ಪತ್ತನೆಯ ವಯಸ್ಸಿಗೆ ನಾನು ಬೈಲಹೊಂಗಲದ ಎಕ್ಸ್‌ಚೇಂಜಿನಲ್ಲಿ ದೂರದೂರಿನ ಕರೆ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಕುಳಿತೆ. ಕಿವಿಗೆ ಹೆಡ್‌ಫೋನ್, ಎರಡೂ ಕೈಯಲ್ಲಿ ಪ್ಲಗ್ಗಿನ ಹಗ್ಗಗಳು. ಬೆಳಗಾವಿ ಕಡೆ ಹೋಗಲು ನಮಗಿದ್ದ ದಾರಿ ನಾಲ್ಕೇ ನಾಲ್ಕು. ಸವದತ್ತಿ, ರಾಮದುರ್ಗದ ಕರೆಗಳೂ ನಮ್ಮ ಮೇಲಿಂದಲೇ ದಾಟುತ್ತಿದ್ದವು. ಹೀಗಾಗಿ ಯಾವಾಗಲೂ ಪಾಳಿ. ಕರೆಗಳಲ್ಲಿ ಮೂರು ಜಾತಿ: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಹೆಚ್ಚು ಕೊಟ್ಟವನು ಮುಂದೆ, ಇಲ್ಲದವನು ಹಿಂದೆ. ಇವತ್ತಿನ ಹುಡುಗರು ನೆಟ್ಟಿನಲ್ಲಿ ಎಲ್ಲರೂ ಸಮ ಇರಬೇಕೋ ಬೇಡವೋ ಎಂದು ದೊಡ್ಡ ದೊಡ್ಡ ಮಾತಾಡುವುದನ್ನು ಕೇಳಿದಾಗ ನನಗೆ ಆ ಬೋರ್ಡೇ ಕಣ್ಣ ಮುಂದೆ ಬರುತ್ತದೆ.

ನಮ್ಮ ಸೂಪರ್‌ವೈಸರ್ ಇಂದುಮತಿಬಾಯಿ ಎಂಬುವರು. ಗದರಿಸಿದರೆ ಪ್ಲಗ್ ಕೈಯಿಂದ ಜಾರಬೇಕು, ಅಂಥ ಹೆಂಗಸು. ಆದರೆ ಅವರೇ ನಮಗೆ ಒಂದು ಒಳದಾರಿ ಕಲಿಸಿದ್ದರು. ಆರ್ಡಿನರಿ ಬುಕ್ ಮಾಡಿದವನ ದನಿ ನಡುಗುತ್ತಿದ್ದರೆ, ಮನೆಯಲ್ಲಿ ಏನೋ ಆಗಿದೆ ಎಂದು ತಿಳಿದು, ಯಾರಿಗೂ ಹೇಳದೆ ಅವನನ್ನು ಮುಂದೆ ತಳ್ಳಬೇಕು. "ಬುಕಿಂಗ್ ಚೀಟಿ ನೋಡಬ್ಯಾಡ ಸರೋಜಾ, ದನಿ ಕೇಳು. ದನಿ ಸುಳ್ಳ ಹೇಳೂದಿಲ್ಲ," ಎನ್ನುತ್ತಿದ್ದರು.

ಒಂದು ದಿನ ಸವದತ್ತಿಯಿಂದ ಒಬ್ಬನ ದನಿ ಗಡಗಡ ನಡುಗುತ್ತಿತ್ತು. ಅವನನ್ನು ಎಲ್ಲರಿಗಿಂತ ಮುಂದೆ ಹಾಕಿದೆ. ಅದೇ ಹೊತ್ತಿಗೆ ರಾಮದುರ್ಗದಿಂದ ಒಬ್ಬ ಹೆಣ್ಣುಮಗಳು ಆರ್ಡಿನರಿ ಬುಕ್ ಮಾಡಿ ಕಾಯುತ್ತಿದ್ದಳು. ತಾಸಿಗೊಮ್ಮೆ ತಣ್ಣಗೆ ಕೇಳುವಳು: "ಆತೇನ್ರಿ? ಆಗಿಲ್ಲಂದ್ರ ಕಾಯತೇನಿ." ನಾನು ಕಾಯಿಸಿದೆ. ನಡುಗುವ ದನಿಯವನಿಗೆ ಚಳಿಜ್ವರ ಬಂದಿತ್ತಂತೆ, ಅವನು ಕೇಳಿದ್ದು ಬೆಲ್ಲದ ಧಾರಣೆ. ಮೂರು ತಾಸಿನ ಮೇಲೆ ಆ ಹೆಣ್ಣುಮಗಳಿಗೆ ಲೈನ್ ಕೊಟ್ಟಾಗ ಆಕೆ ಅದೇ ತಣ್ಣನೆಯ ದನಿಯಲ್ಲಿ ತಮ್ಮನಿಗೆ ಹೇಳಿದಳು: "ಅಪ್ಪ ಹೋದ. ಮಣ್ಣಿಗೆ ಬರಾಕ ಆಗತೈತೇನ ನೋಡು." ಹೊತ್ತು ಮುಳುಗುತ್ತಿತ್ತು. ತಮ್ಮ ಬರುವ ಹಾಗೆ ಇರಲಿಲ್ಲ.

ಇನ್ನು ಮುಂದೆ ನನ್ನ ಕೈಯಲ್ಲಿ ಯಾವ ಮನುಷ್ಯನ ದನಿಯೂ ಕಾಯಬಾರದು ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಅದನ್ನು ನಾನು ಪಾಠ ಅಂದುಕೊಂಡಿದ್ದೆ. ಎದುರಿನವರ ಸಂಕಟವನ್ನು ನಾನು ಕುಳಿತಲ್ಲಿಂದಲೇ ಅಳೆಯಬಲ್ಲೆ ಎಂಬ ಸೊಕ್ಕು ಮಾತ್ರ ಒಳಗೆ ಹಾಗೇ ಉಳಿದಿತ್ತು. ಅದು ನನಗೆ ಕಾಣಲಿಲ್ಲ.

ಬೋರ್ಡು ಹೋಯಿತು, ತಾನೇ ಜೋಡಿಸುವ ಯಂತ್ರ ಬಂತು, ಆಮೇಲೆ ಕಂಪ್ಯೂಟರ್ ಬಂತು. ಪ್ರತಿ ಸಲವೂ ತರಬೇತಿಗೆ ಹೋಗಿ ಕಲಿತು ಬಂದೆ. ಖಾತೆಯವರು ಬೇಗ ನಿವೃತ್ತಿ ತಗೊಳ್ಳಿ ಎಂದಾಗ ತಗೊಂಡೆ. ಮನೆಯಲ್ಲಿ ಎರಡು ತಿಂಗಳು ಕುಳಿತು ಬೇಸರ ಬಂದಿತ್ತು. ಆಗ ನಮ್ಮೂರಿನ ಸೋಮಲಿಂಗಪ್ಪ ಎಂಬುವರು ಕೆಲಸಕ್ಕೆ ಕರೆದರು. ಮೊದಲು ಡಿಶ್ ಕೇಬಲ್ ಎಳೆದು ಮನೆಮನೆಗೆ ಟಿವಿ ಕೊಟ್ಟವರು, ಈಗ ಅದೇ ಕಂಬಗಳ ಮೇಲೆ ಇಂಟರ್ನೆಟ್ ಎಳೆದಿದ್ದರು. ನೇಸರಗಿ, ಎಂ.ಕೆ. ಹುಬ್ಬಳ್ಳಿ, ಸವದತ್ತಿ, ರಾಮದುರ್ಗ, ಎಲ್ಲ ಕಡೆ ಅವರ ಗ್ರಾಹಕರು. ಬೆಳಗಾವಿಯಿಂದ ಒಂದು ದಪ್ಪ ಲೈನ್ ಬೈಲಹೊಂಗಲಕ್ಕೆ ಬರುವುದು, ಇಲ್ಲಿಂದ ಎಲ್ಲರಿಗೂ ಹಂಚುವುದು. ಹಂಚುವ ಯಂತ್ರ ನನ್ನ ಸುಪರ್ದಿಗೆ ಬಂತು.

ಮೊದಲ ವಾರವೇ ದಂಗಾದೆ. ರಾಮದುರ್ಗದ ಒಬ್ಬ ನೇಕಾರರು ಫೋನ್ ಮಾಡಿ, ಸೀರೆಯ ಫೋಟೋ ಹೋಗುತ್ತಿಲ್ಲ, ಗಿರಾಕಿ ಕಾಯುತ್ತಿದ್ದಾರೆ ಎಂದರು. ಸೋಮಲಿಂಗಪ್ಪ ನನ್ನ ಕೈಯಿಂದ ಫೋನ್ ತಗೊಂಡು, "ಸ್ಪೀಡ್ ಚೆಕ್ ಮಾಡಿ ನೋಡ್ರಿ ಕಾಕಾ," ಎಂದರು. ಅವರು ನೋಡಿದರು. ಪೂರ್ತಿ ಸ್ಪೀಡ್ ತೋರಿಸಿತು. ಪಾಪ, ತಮ್ಮ ಮೊಬೈಲೇ ಕೆಟ್ಟಿದೆ ಎಂದುಕೊಂಡು ಫೋನ್ ಇಟ್ಟರು. ನನಗೆ ಸಂಶಯ ಬಂದು ಯಂತ್ರದೊಳಗಿನ ಪಟ್ಟಿ ತೆರೆದೆ. ದಟ್ಟಣೆಯಾದಾಗ ಯಾವುದು ಮುಂದೆ, ಯಾವುದು ಹಿಂದೆ ಎಂದು ಬರೆದಿಡುವ ಪಟ್ಟಿ ಅದು. ಮೊದಲ ಸಾಲಿನಲ್ಲೇ ಸ್ಪೀಡ್ ಅಳೆಯುವ ತಾಣಗಳ ಹೆಸರುಗಳಿದ್ದವು. ಅಂದರೆ ಊರಿಗೆ ಊರೇ ತೆವಳುತ್ತಿದ್ದರೂ ಅಳತೆ ಮಾತ್ರ ಓಡಿ ಬಂದು ಎಲ್ಲ ಸರಿಯಿದೆ ಎಂದು ಹೇಳುತ್ತದೆ.

"ಇದೇನ್ರಿ ಸೋಮಲಿಂಗಪ್ಪಾರ?" ಎಂದೆ.

"ಎಲ್ಲಾರೂ ಮಾಡತಾರ್ರಿ ಮೇಡಂ. ನಾವೊಬ್ರ ಸತ್ಯಹರಿಶ್ಚಂದ್ರ ಆಗಿ ಏನ್ ಮಾಡೂದೈತಿ?"

ಆ ಸಾಲನ್ನು ಅವತ್ತೇ ಅಳಿಸಬೇಕಿತ್ತು. ಹೊಸ ಕೆಲಸ, ಬಂದ ವಾರಕ್ಕೇ ಜಗಳ ಬೇಡ ಎಂದು ಬಿಟ್ಟೆ. ಎರಡು ತಿಂಗಳು ಹೋದ ಮೇಲೆ ಅದು ಅಲ್ಲಿರುವುದೇ ಮರೆತುಹೋಯಿತು. ತಪ್ಪು ಮಾಡುವುದು ಹೀಗೆಯೇ, ಯಾರೂ ಕೊಂಬು ಊದಿಕೊಂಡು ಮಾಡುವುದಿಲ್ಲ.

ಎಲ್ಲಕ್ಕೂ ತಲೆ ಆಡಿಸಿದೆ ಅಂತಲ್ಲ. ಒಮ್ಮೆ ಒಂದು ಸಿನಿಮಾ ತೋರಿಸುವ ಆಪಿನ ಕಡೆಯವನು ಬೂಟು ಟಕಟಕ ಎನಿಸುತ್ತ ಬಂದು, ನಮ್ಮದನ್ನು ಮುಂದೆ ಬಿಡಿ, ಬೇರೆಯವರದನ್ನು ಸ್ವಲ್ಪ ಹಿಂದೆ ಇಡಿ ಎಂದ. ಸೋಮಲಿಂಗಪ್ಪ ಮೀಸೆ ತೀಡಿಕೊಳ್ಳುತ್ತ ನನ್ನ ಮುಖ ನೋಡಿದರು. ನಾನು ಕಡ್ಡಿ ಮುರಿದಂತೆ ಹೇಳಿದೆ: ಸರ್ಕಾರದ ನಿಯಮ ಇದೆ, ಈ ತಾಣ ಆ ತಾಣ ಎಂದು ಭೇದ ಮಾಡುವ ಹಾಗಿಲ್ಲ. ದಟ್ಟಣೆ ನಿಭಾಯಿಸಲು ಏನಾದರೂ ಮಾಡಿದರೆ ಅದಕ್ಕೆ ಕಾರಣ ಇರಬೇಕು, ಗ್ರಾಹಕರಿಗೆ ತಿಳಿಸಬೇಕು. ಅವನು ಬಂದ ದಾರಿಯಲ್ಲೇ ಹೋದ. ಅವತ್ತು ಮನೆಗೆ ಹೋಗುವಾಗ ನನ್ನ ಬಗ್ಗೆ ನನಗೇ ಬಹಳ ಹೆಮ್ಮೆಯಾಗಿತ್ತು.

ಇಷ್ಟೆಲ್ಲ ನಿಯಮ ಬಾಯಿಪಾಠ ಇದ್ದವಳೇ ಆಮೇಲೆ ಮಾಡಿದ್ದನ್ನು ಕೇಳಿರಿ.

ಕ್ರಿಕೆಟ್ ದಿನಗಳು ಬಂದವು. ಸಂಜೆ ಏಳಾಯಿತೆಂದರೆ ಮನೆಮನೆಯಲ್ಲೂ ಆಟ, ಬೆಳಗಾವಿಯ ಲೈನ್ ತುಂಬಿ ತುಳುಕುವುದು. ದಪ್ಪ ಲೈನ್ ತಗೊಳ್ಳಿ ಎಂದರೆ ಸೋಮಲಿಂಗಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. "ಇದ್ದದ್ರಾಗ ಹೊಂದಸ್ರಿ ಮೇಡಂ. ನೀವು ಎಕ್ಸ್‌ಚೇಂಜ್ ಕಂಡಾವ್ರು," ಎಂದು ನನ್ನನ್ನೇ ಉಬ್ಬಿಸಿದರು. ನಾನೂ ಉಬ್ಬಿದೆ. ಯಂತ್ರದ ಮುಂದೆ ಕುಳಿತು ಹೊಸ ನಿಯಮ ಬರೆದೆ: ಸಂಜೆ ಏಳರಿಂದ ಹತ್ತರವರೆಗೆ, ಕರೆಗಳಲ್ಲಿ ದನಿಗೆ ಮೊದಲ ಪಾಳಿ. ದನಿಗೆ ಬೇಕಾಗುವುದು ಬಹಳ ಸಣ್ಣ ಜಾಗ. ಯಾವ ಕರೆ ಅದಕ್ಕಿಂತ ಹೆಚ್ಚು ಜಾಗ ಕೇಳುತ್ತದೋ ಅದರಲ್ಲಿ ಚಿತ್ರ ಇದೆ ಎಂದು ತಿಳಿದು, ಹೆಚ್ಚಾದದ್ದನ್ನು ಪಟ್ಟಿಯ ಕೊನೆಗೆ ದೂಡಬೇಕು. ಮುಖ ಆಮೇಲೆ ನೋಡಬಹುದು, ಮಾತು ನಿಲ್ಲಬಾರದು ಎಂಬುದು ನನ್ನ ಲೆಕ್ಕ. ಕಾಯಿಸಿದ ಆ ರಾಮದುರ್ಗದ ಹೆಣ್ಣುಮಗಳ ಋಣ ತೀರಿಸಿದೆ ಎಂದೂ ಅನ್ನಿಸಿತು. ಗ್ರಾಹಕರಿಗೆ ತಿಳಿಸಲಿಲ್ಲ. ಒಳ್ಳೆಯದು ಮಾಡಲು ಯಾರನ್ನು ಕೇಳುವುದು ಎಂದುಕೊಂಡೆ.

ದೂರುಗಳು ಇಳಿದವು. ವಿಡಿಯೋ ಕರೆಯಲ್ಲಿ ಚಿತ್ರ ನಿಂತರೂ ದನಿ ಬರುತ್ತಿತ್ತಲ್ಲ, ಜನ ಮಾತಾಡುತ್ತಲೇ ಇದ್ದರು. ಕ್ರಿಕೆಟ್ ಮುಗಿದರೂ ಸಂಜೆ ಸಿನಿಮಾ, ಧಾರಾವಾಹಿಗಳ ದಟ್ಟಣೆ ಇದ್ದೇ ಇತ್ತು, ನಿಯಮ ಹಾಗೇ ಉಳಿಯಿತು. ಸೋಮಲಿಂಗಪ್ಪ ಪೇಡೆ ತಂದು ಹಂಚಿದರು. ನಾನು ಎರಡು ತಿಂದೆ.

ಕೆಲವು ತಿಂಗಳ ಮೇಲೆ ನೇಸರಗಿಯಿಂದ ಮೌಲಾಸಾಬ ಎಂಬುವರ ಫೋನ್ ಬಂತು. ಕಬ್ಬಿನ ಟ್ರಕ್ಕಿನ ಚಾಲಕರು.

"ಬಾಯಾರ, ನನ್ನ ಮಗಳ ಮಾತು ಕಡೀತಾವ್ರಿ. ಸಂಜಿ ಆತಂದ್ರ ನಿಂತ ಬಿಡತಾವು."

ನಾನು ಇಲ್ಲಿಂದಲೇ ಪರೀಕ್ಷಿಸಿದೆ. ಸ್ಪೀಡ್ ಪೂರ್ತಿ. ದನಿಯ ಕರೆ ಮಾಡಿ ನೋಡಿದೆ, ಗಂಟೆ ಹೊಡೆದಂತೆ ಸ್ವಚ್ಛ. "ಲೈನ್ ಬರೋಬರಿ ಐತ್ರಿ ಮೌಲಾಸಾಬ್ರ. ವಿಡಿಯೋ ಬಿಟ್ಟು ಬರೇ ಮಾತಾಡಾಕ ಹೇಳ್ರಿ," ಎಂದೆ.

ಆ ಕಡೆಯಿಂದ ಅವರು, "ಅದು ಆಕೀಗೆ ಆಗೂದಿಲ್ರಿ," ಎಂದರು.

"ಯಾಕಾಗೂದಿಲ್ಲ? ಹಂಗಾದ್ರ ಫೋನ್ ಕೆಟ್ಟೈತಿ, ಬದಲಿ ಮಾಡ್ರಿ."

ಮಗಳಿಗೆ ಕಿವಿ ಕೇಳುವುದಿಲ್ಲ ಎಂದು ಗುರುತಿಲ್ಲದವಳ ಮುಂದೆ ಹೇಳಲು ಆ ತಂದೆಗೆ ಬಾಯಿ ಬರಲಿಲ್ಲ. ನಾನೂ ಕೇಳಲಿಲ್ಲ. ಅವರು ಹೊಸ ಫೋನ್ ಕೊಡಿಸಿದರು. ಎರಡನೆಯ ಸಲ ಫೋನ್ ಮಾಡಿದಾಗ ಮತ್ತೆ ಅದನ್ನೇ ಹೇಳಿ ಇಟ್ಟೆ, ಈ ಸಲ ಸ್ವಲ್ಪ ಗದರಿಸಿಯೇ.

ಇದರ ನಡುವೆ ಎಂ.ಕೆ. ಹುಬ್ಬಳ್ಳಿಯಿಂದ ನಜೀರ್ ಎಂಬಾತ ಫೋನ್ ಮಾಡಿದ. ಬಹಳ ಮರ್ಯಾದೆಯಿಂದ ಕೇಳಿದ: "ಮೇಡಂ, ನಿಮ್ಮ ನೇಸರಗಿ ಲೈನ್ ಸಂಜೀಮುಂದ ಕೆಟ್ಟಿರತೈತೇನ್ರಿ? ನಮ್ಮ ತಮ್ಮ ಅಲ್ಲಿಗೆ ವಿಡಿಯೋ ಕಾಲ್ ಮಾಡತಾನ, ನಿಂತ ನಿಂತ ಹೋಗತೈತಿ." ನನಗೆ ರೇಗಿತು. ನೇಸರಗಿ ಲೈನನ್ನು ಎರಡು ಸಲ ನಾನೇ ನೋಡಿದ್ದೆನಲ್ಲ. "ಲೈನ್ ಫಸ್ಟ್ ಕ್ಲಾಸ್ ಐತಪ್ಪಾ. ನಾನ ಖುದ್ದ ಚೆಕ್ ಮಾಡೇನಿ. ನಿಂದರತೈತಿ ಅಂದ್ರ ಆ ಕಡೆದವ್ರ ಕಟ್ ಮಾಡಾಕತ್ತಾರ," ಎಂದೆ. ಆತ ಥ್ಯಾಂಕ್ಸ್ ಹೇಳಿ ಇಟ್ಟ. ಆ ಮಾತು ಎಲ್ಲಿಗೆ ಹೋಗಿ ಏನು ಮಾಡುತ್ತದೆ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ಆಮೇಲೆ ಟಿಫಿನ್ ಡಬ್ಬಿ ಬಿಚ್ಚಿ ರೊಟ್ಟಿ ತಿಂದೆ.

ಮೂರನೆಯ ಸಲ ಮೌಲಾಸಾಬರು ಫೋನ್ ಮಾಡಲಿಲ್ಲ. ಒಂದು ಸಂಜೆ ಏಳಕ್ಕೆ ಸರಿಯಾಗಿ ಮಗಳನ್ನೇ ಕರೆದುಕೊಂಡು ಆಫೀಸಿಗೆ ಬಂದರು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ, ಕುತ್ತಿಗೆಗೆ ಇನ್ನೂ ಅಳತೆಯ ಟೇಪು ಇತ್ತು, ನೇಸರಗಿಯಲ್ಲಿ ಬ್ಲೌಸ್ ಹೊಲಿಯುತ್ತಾಳಂತೆ. ನಾನು ಕುರ್ಚಿ ತೋರಿಸಿ, "ಬಾರವಾ, ಏನ್ ಕಡೀತೈತಿ, ಹೇಳು," ಎಂದೆ. ಆಕೆ ನನ್ನ ತುಟಿಗಳನ್ನು ನೋಡಿದಳು, ಆಮೇಲೆ ತಂದೆಯ ಕಡೆ ನೋಡಿದಳು.

ಮೌಲಾಸಾಬರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಆಕೀಗೆ ಕಿವಿ ಬಾಯಿ ಇಲ್ರಿ ಬಾಯಾರ. ಕೈಲೆ ಮಾತಾಡತಾಳು. ಹುಡುಗನೂ ಹಂಗ ಅದಾನು. ಅದಕ್ಕ ನಿಶ್ಚಯ ಮಾಡಿದ್ವಿ. ಈಗ ಅವ್ರು ಬ್ಯಾಡ ಅನ್ನಾಕತ್ತಾರ. ಹುಡುಗಿ ನಡುವ ಕಟ್ ಮಾಡತಾಳ, ಆಕೀಗೆ ಮನಸಿಲ್ಲ ಅಂತಾರ್ರಿ. ಲೈನಿನಾವ್ರ ಹೇಳ್ಯಾರಂತ."

ಲೈನಿನವರು ಎಂದರೆ ನಾನು.

ಆ ಹುಡುಗಿ ನನ್ನ ಮೇಜಿನ ಮೇಲೆಯೇ ಫೋನ್ ಒರಗಿಸಿ, ನಮ್ಮ ಆಫೀಸಿನ ನೆಟ್ಟಿನಲ್ಲೇ ಹುಡುಗನಿಗೆ ಕರೆ ಮಾಡಿದಳು. ಅವನ ಹೆಸರು ಇಮ್ತಿಯಾಜ್, ಎಂ.ಕೆ. ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಆಗಷ್ಟೇ ಕೆಲಸ ಮುಗಿಸಿ ಗ್ಯಾರೇಜಿನಿಂದಲೇ ಪರದೆಯ ಮೇಲೆ ಬಂದ, ನಕ್ಕ, ಎರಡೂ ಕೈ ಎತ್ತಿದ. ಈಕೆಯ ಬೆರಳುಗಳು ಓಡಿದವು. ಎಣಿಸಿ ಹತ್ತು ಹನ್ನೆರಡು ಸೆಕೆಂಡು. ಆಮೇಲೆ ಅವನು ನಿಂತುಬಿಟ್ಟ, ಒಂದು ಕೈ ಎದೆಯ ಹತ್ತಿರ, ಕಣ್ಣು ಅರ್ಧ ಮುಚ್ಚಿ. ಫೋನಿನಿಂದ ಗ್ಯಾರೇಜಿನ ಸುತ್ತಿಗೆಯ ಸದ್ದು ಮಾತ್ರ ಸ್ವಚ್ಛವಾಗಿ ಬರುತ್ತಿತ್ತು. ಇಬ್ಬರಿಗೂ ಬೇಡದ ಆ ಸದ್ದಿಗೆ ನಾನು ಮೊದಲ ಪಾಳಿ ಕೊಟ್ಟಿದ್ದೆ.

ರೇಷ್ಮಾ ಎತ್ತಿದ ಕೈ ಎತ್ತಿದಂತೆಯೇ ಹಿಡಿದು ಕಾಯುತ್ತಿದ್ದಳು. ಚಿತ್ರ ಮತ್ತೆ ಅಲುಗಿದರೆ ಅಲ್ಲಿಂದಲೇ ಮುಂದುವರಿಸಬೇಕಲ್ಲ. ನನಗೆ ನೋಡಲಾಗಲಿಲ್ಲ.

ಬರೆದು ಕಳಿಸಬಾರದೇ ಎಂದು ಮೂರ್ಖಳಂತೆ ಕೇಳಿದೆ. ಮೌಲಾಸಾಬರು ಬಿಡಿಸಿ ಹೇಳಿದರು. ಈಕೆ ಕಲಿತದ್ದು ಕನ್ನಡ ಶಾಲೆಯಲ್ಲಿ, ಅದೂ ಅಷ್ಟಕ್ಕಷ್ಟೆ. ಆತ ಮಹಾರಾಷ್ಟ್ರದ ಕಡೆಯ ಕಿವುಡರ ಶಾಲೆಯಲ್ಲಿ ಮರಾಠಿ ಕಲಿತವನು. ಇಬ್ಬರಿಗೂ ಕೂಡುವ ಭಾಷೆ ಎಂದರೆ ಕೈ ಒಂದೇ. ಮದುವೆಗೆ ಮುಂಚೆ ಹುಡುಗ ಹುಡುಗಿ ಎದುರುಬದುರು ಕೂಡುವುದು ಅವರ ಮನೆಗಳಲ್ಲಿ ನಡೆಯುವುದಿಲ್ಲ. ಆತ ಕೆಲಸ ಬಿಡುವುದು ಏಳಕ್ಕೆ, ರಾತ್ರಿ ಹತ್ತರ ಮೇಲೆ ಫೋನ್ ಹಿಡಿಯುವುದು ಮನೆಯವರಿಗೆ ಸರಿಬರುವುದಿಲ್ಲ. ನೇಸರಗಿಯ ಇವರ ಗಲ್ಲಿಯಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಹಿಡಿಯುವುದಿಲ್ಲ. ಒಂದೊಂದಾಗಿ ಕೇಳುತ್ತ ಹೋದಂತೆ ಎಲ್ಲ ಬಾಗಿಲುಗಳೂ ಮುಚ್ಚಿದ್ದವು, ತೆರೆದಿದ್ದ ಒಂದಕ್ಕೆ ನಾನು ಅಗಳಿ ಹಾಕಿದ್ದೆ.

ಅವರನ್ನು ಬಸ್ಸಿಗೆ ಕಳಿಸಿ ಸೋಮಲಿಂಗಪ್ಪನವರಿಗೆ ಎಲ್ಲ ಹೇಳಿದೆ. ನಿಯಮ ತೆಗೆಯುತ್ತೇನೆ ಎಂದೆ.

"ತೆಗದ್ರ ಸಂಜಿಗೆ ನಮ್ಮ ಕತಿ ಮುಗೀತು. ಅವೆರಡು ಮನಿಗಷ್ಟ ಬಿಡ್ರಿ ಮೇಡಂ. ಉಳದಾವ್ರಿಗೆ ಹೆಂಗ ಐತಿ ಹಂಗ ಇರಲಿ."

"ಇಂಥಾವ್ರು ಇನ್ನೂ ಯಾರ ಅದಾರ, ನಮಗೇನ ಗೊತ್ತ್ರಿ?"

"ಅವ್ರು ಬಂದು ಹೇಳಿದ್ರ ನೋಡೂಣಂತ. ಇನ್ನೊಂದು, ನಾವ ತಡದೇವಿ ಅಂತ ಹೊರಗ ಬಾಯಿ ಬಿಡಬ್ಯಾಡ್ರಿ. ಕಂಪನಿ ಹೆಸರ ಮಣ್ಣಾಗತೈತಿ."

ಬಂದು ಹೇಳಿದವರಿಗೆ ನಾನು ಏನು ಮಾಡಿದ್ದೆ? ಎರಡು ಸಲ ಗದರಿಸಿ, ಫೋನ್ ಬದಲಿ ಮಾಡಿಸಿದ್ದೆ. ಸೋಮಲಿಂಗಪ್ಪನವರ ಮೇಲೆ ಬಂದ ಸಿಟ್ಟು ತಿರುಗಿ ನನ್ನ ಮೇಲೇ ಬಿತ್ತು. ವಾದ ಮಾಡಲಿಲ್ಲ. ಕೋಣೆಗೆ ಹೋಗಿ ನಾನು ಬರೆದ ಸಾಲನ್ನು ಪೂರ್ತಿ ಅಳಿಸಿದೆ. ಸ್ಪೀಡ್ ಅಳೆಯುವ ತಾಣಗಳ ಸಾಲನ್ನೂ ಅಳಿಸಿದೆ. ಮನಸ್ಸಿದ್ದರೆ ಇಷ್ಟು ಸಲೀಸು ಕೆಲಸ ಇದು, ಚಹಾ ಆರುವಷ್ಟರಲ್ಲಿ ಮುಗಿಯಿತು.

ಆ ಸಂಜೆ ಊರೇ ಮುಗಿಬೀಳುತ್ತದೆ ಎಂದು ಕಾದು ಕುಳಿತೆ. ಮೂರು ಫೋನ್ ಬಂದವು. ಒಬ್ಬರು ಸಿನಿಮಾದ ಚಿತ್ರ ಸ್ವಲ್ಪ ಮಸುಕಾಗಿದೆ ಎಂದರು, ಇಬ್ಬರು ಬಿಲ್ಲಿನ ವಿಷಯ ಕೇಳಿದರು. ಅಷ್ಟೇ. ಇಷ್ಟಕ್ಕೆ ನಾನು ಒಬ್ಬಳ ಬಾಯಿ ಮುಚ್ಚಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ.

ಮರುದಿನ ಬೆಳಿಗ್ಗೆ ರಜೆ ಹಾಕಿ, ಮೌಲಾಸಾಬರ ಜೊತೆ ಬಸ್ಸು ಹಿಡಿದು ಎಂ.ಕೆ. ಹುಬ್ಬಳ್ಳಿಗೆ ಹೋದೆ. ನಜೀರನ ಮನೆಯಲ್ಲಿ ಅವರ ತಾಯಿ, ಇಬ್ಬರು ಹಿರಿಯರು ಕುಳಿತಿದ್ದರು. ಇಮ್ತಿಯಾಜ್ ಬಾಗಿಲ ಹತ್ತಿರ ನಿಂತಿದ್ದ, ಅವನ ಅತ್ತಿಗೆ ಅವನಿಗೆ ಕೈಯಲ್ಲಿ ತಿಳಿಸುತ್ತಿದ್ದಳು. ನಾನು ಸುತ್ತಿ ಬಳಸದೆ ಹೇಳಿದೆ: ಹುಡುಗಿ ಒಂದು ದಿನವೂ ಕಟ್ ಮಾಡಿಲ್ಲ. ಕಟ್ ಮಾಡಿದ್ದು ನಾನು. ಗೊತ್ತಿಲ್ಲದೆ ಮಾಡಿದೆ, ಗೊತ್ತಿಲ್ಲದೆ ನಿಮಗೆ ಸುಳ್ಳು ಹೇಳಿದೆ.

ನಜೀರ್ ಎದ್ದು ನಿಂತ. "ಖುದ್ದ ಚೆಕ್ ಮಾಡೇನಿ ಅಂದ್ರೆಲ್ರಿ ಮೇಡಂ. ನಿಮ್ಮ ಮಾತ ಹಿಡಕೊಂಡ ನಾವು ಮನ್ಯಾಗ ಎಷ್ಟ ಮಾತಾಡಿದ್ವಿ ಆಕೀ ಬಗ್ಗೆ."

"ಅಂದೆನಪ್ಪಾ. ಅಳತಿ ಸುಳ್ಳ ಹೇಳತಿತ್ತು, ಅದನ್ನ ನಂಬಿ ನಾನೂ ಹೇಳಿದೆ."

ಅವರ ತಾಯಿ ಬಹಳ ಹೊತ್ತು ನನ್ನನ್ನೇ ನೋಡಿದರು. "ಇಷ್ಟ ವಯಸ್ಸಿನಾಕಿ ಇಲ್ಲಿತನಕಾ ಬಂದು ಹೇಳಾಕತ್ತಾಳಂದ್ರ ಖರೇನ ಇರಬೇಕು," ಎಂದು ಮಗನಿಗೆ ಹೇಳಿ, ನನಗೆ ನೀರು ಕೊಟ್ಟರು. ಆ ಸಂಜೆ ಏಳಕ್ಕೆ ಇಮ್ತಿಯಾಜ್ ಕರೆ ಮಾಡಬೇಕು, ಎರಡೂ ಮನೆಯವರು ಕುಳಿತು ನೋಡಬೇಕು ಎಂದಾಯಿತು. ಬಸ್ಸಿನಲ್ಲಿ ಮೌಲಾಸಾಬರು ನೇಸರಗಿಯವರೆಗೆ ಒಂದೇ ಸಮನೆ ಟೊಪ್ಪಿಗೆ ತಿರುವುತ್ತ ಕುಳಿತಿದ್ದರು. ಮದುವೆ ಉಳಿಯಿತು ಎಂದು ಇಬ್ಬರಿಗೂ ಅನ್ನಿಸಿತ್ತು. ಮೊದಲು ಹೇಳಿದವರು ಅವರೇ: "ಉಳಿಸಿದ್ರಿ ಬಾಯಾರ."

ಏಳಕ್ಕೆ ನಾನು ಅವರ ಮನೆಯಲ್ಲಿದ್ದೆ, ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ. ರೇಷ್ಮಾಗೆ ತಂದೆ ಎಲ್ಲ ಹೇಳಿದ್ದರು: ನಿಯಮ, ನನ್ನ ಮಾತು, ಅವರು ನಂಬಿದ್ದು. ಆಕೆ ನನ್ನ ಕಡೆ ಒಂದು ಸಲ ನೋಡಿದ್ದಳು, ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ಕರೆ ಬಂತು. ಚಿತ್ರ ನೀರಿನಂತೆ ತಿಳಿಯಾಗಿತ್ತು. ಆ ಕಡೆ ಇಮ್ತಿಯಾಜ್, ಹಿಂದೆ ಅವನ ಮನೆಯವರೆಲ್ಲ. ಅವನು ಕಿವಿ ಹಿಡಿದುಕೊಂಡು ತಪ್ಪಾಯಿತು ಎಂದ, ಅದು ನನಗೂ ಅರ್ಥವಾಯಿತು. ಆಮೇಲೆ ಬಹಳ ಹೇಳಿದ. ಈಕೆ ಪೂರ್ತಿ ನೋಡಿದಳು, ನಡುವೆ ಒಮ್ಮೆಯೂ ಕೈ ಎತ್ತಲಿಲ್ಲ. ಅವನದು ಮುಗಿದ ಮೇಲೆ ತಾನು ಶುರು ಮಾಡಿದಳು.

ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ ಇಡುವ ಹಾಗೆ ಆಕೆಯ ಕೈಗಳು ನಡೆದವು. ನಾನು ಮೌಲಾಸಾಬರ ಕಡೆ ನೋಡಿದೆ. ಅವರ ಮುಖದ ಬಣ್ಣ ಇಳಿಯುತ್ತಿತ್ತು.

"ಏನಂತಾಳ್ರಿ?" ಎಂದೆ.

ಅವರು ಮಗಳ ಕೈಗಳಿಂದ ಕಣ್ಣು ತೆಗೆಯದೆ ಹೇಳುತ್ತ ಹೋದರು. "ನಾಕ ತಿಂಗಳು ನೀನೂ ನನಗ ಹಂಗ ನಿಂತ ನಿಂತ ಕಾಣತಿದ್ದಿ ಅಂತಾಳ. ಕಣ್ಣ ಮುಚ್ಚಿ, ಮಾರಿ ತಿರುವಿ. ಲೈನ್ ಕೆಟ್ಟೈತಿ ಅಂತ ನಾ ತಿಳಕೊಂಡೆ. ನೀ ನನ್ನ ಮನಸ ಕೆಟ್ಟೈತಿ ಅಂತ ತಿಳಕೊಂಡಿ."

ಆ ಕಡೆ ಇಮ್ತಿಯಾಜ್ ಏನೋ ಹೇಳಲು ಕೈ ಎತ್ತಿದ. ಈಕೆ ಅಂಗೈ ತೋರಿಸಿ ತಡೆದಳು, ಮತ್ತೆ ಮುಂದುವರಿಸಿದಳು.

"ನಾಳೆ ಒಂದ ಮನ್ಯಾಗ ಇದ್ದಾಗ, ಹೊರಗಿನಾವ್ರು ಯಾರರೆ ಬಂದು ನನ್ನ ಮ್ಯಾಲೆ ಏನರೆ ಹೇಳಿದ್ರ, ಆವಾಗೂ ನೀ ಅವ್ರನ್ನ ನಂಬತಿ. ನನಗ ಈ ಸಂಬಂಧ ಬ್ಯಾಡ ಅಂತಾಳ್ರಿ."

ಎರಡು ಕಡೆಯವರೂ ನೋಡುತ್ತಿದ್ದಾರೆ, ಆಕೆಗೆ ಅದು ಗೊತ್ತಿದೆ, ಕೈ ಒಂದಿಷ್ಟೂ ನಡುಗುತ್ತಿಲ್ಲ. ನಾನು ಲೈನ್ ಮತ್ತೆ ನಿಂತಿದೆಯೇನೋ ಎಂಬ ಆಸೆಯಿಂದ ಪರದೆಯ ಕಡೆ ನೋಡಿದೆ. ನಿಂತಿರಲಿಲ್ಲ. ಆ ಹುಡುಗನ ಕಣ್ಣು ತುಂಬಿ ನೀರು ಕೆನ್ನೆಗೆ ಇಳಿಯುತ್ತಿದ್ದುದು ಹನಿಹನಿಯಾಗಿ ಕಾಣುತ್ತಿತ್ತು. ಆಕೆಗೂ ಅದು ಕಂಡಿತು. ಆಕೆ ಒಂದು ಗಳಿಗೆ ತಡೆದು, ಕೈ ಎತ್ತಿ ಸಲಾಂ ಮಾಡಿ, ಕೆಂಪು ಗುಂಡಿ ಒತ್ತಿ ತಾನೇ ಕರೆ ಕಟ್ ಮಾಡಿದಳು.